ಪವಿತ್ರ ಕಬ್ಬಿನ ಹಾಲು ಕುಡಿದಿರಲಿಲ್ಲ

ಹೋದ ವಾರ ನಮ್ಮ ಆಲೆಮನೆಯ ಗಾಣದ ಮೋಟರು ಸುಟ್ಟುಹೋಯಿತು. ಅಷ್ಟರಲ್ಲಿ ಅರೆದಿದ್ದ ಕಬ್ಬಿನ ಹಾಲು ಒಂದು ಕೊಪ್ಪರಿಗೆ ಬೆಲ್ಲಕ್ಕೂ ಸಾಲುವಷ್ಟಿರಲಿಲ್ಲ. ಮೋಟರು ರಿಪೇರಿಯಾಗಿ ಬಂದ ಮೇಲೆ ನೋಡೋಣ ಎಂದು ಡ್ರಮ್ಮಿನಲ್ಲಿ ಮುಚ್ಚಿಟ್ಟೆವು. ಮಾರನೆಯ ದಿನ ಮಧ್ಯಾಹ್ನ ಮುಚ್ಚಳ ತೆಗೆದಾಗ ಒಂದು ವಾಸನೆ ಬಂತು. ಕಳಿತ ಹಣ್ಣಿನಂಥ ಸಿಹಿ, ಅದರ ಬೆನ್ನಿಗೇ ಮೂಗನ್ನು ಚುಚ್ಚುವ ಹುಳಿ. ಆಲೆಮನೆಯವರಿಗೆ ಇದು ಹೊಸದಲ್ಲ. ಕೆಲಸದವರು ಡ್ರಮ್ಮು ಉರುಳಿಸಿ ಚೆಲ್ಲಿದರು. ನಾನು ಮಾತ್ರ ಕೈತೊಳೆದುಕೊಂಡು ಹೊರಗೆ ಹೋಗಿ ಕಬ್ಬಿನ ಗಾಡಿಯ ಮೂಕಿಯ ಮೇಲೆ ಕುಳಿತುಬಿಟ್ಟೆ. ಹನ್ನೊಂದು ವರ್ಷದ ಹಿಂದೆ ಇದೇ ವಾಸನೆ ನನ್ನ ತಂಗಿಯ ಉಸಿರಿನಲ್ಲಿ ಬಂದಿತ್ತು. ಅವತ್ತು ನಾನು ಮಾಡಿದ್ದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನಮ್ಮದು ಪಾಂಡವಪುರ ತಾಲ್ಲೂಕು, ಚಿನಕುರಳಿಯಿಂದ ಸ್ವಲ್ಪ ಒಳಗೆ. ನಾಲೆಯ ಕೆಳಗೆ ಗದ್ದೆ, ಒಂದಷ್ಟು ಕಬ್ಬು, ನಾಲ್ಕು ಹಸು, ಅಪ್ಪ ಕಟ್ಟಿದ ಆಲೆಮನೆ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ಆಲೆಮನೆಗೆ ಸೇರಿದವನು. ಹದಿನೆಂಟು ತುಂಬುವ ಹೊತ್ತಿಗೆ ಪಾಕ ನೋಡುವ ಕೆಲಸ ನನ್ನ ಕೈಗೆ ಬಂತು. ಕೊಪ್ಪರಿಗೆಯಲ್ಲಿ ಕುದಿಯುವ ಹಾಲನ್ನು ಯಾವ ಗಳಿಗೆಯಲ್ಲಿ ಇಳಿಸಬೇಕು ಎಂದು ಹೇಳುವ ಕೆಲಸ ಅದು. ಬೇರೆಯವರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ನಾನು ಹಬೆಯ ವಾಸನೆಯಲ್ಲೇ ಹದ ಹೇಳುತ್ತಿದ್ದೆ. ತಪ್ಪಿದ್ದು ಕಡಿಮೆ. "ನನ್ ಮಗನ್ ಮೂಗು ಸುಳ್ ಯೋಳಕಿಲ್ಲ" ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ನಾನೂ ಅದನ್ನು ನಂಬಿದ್ದೆ.

ಪವಿತ್ರ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಶುಗರ್ ಬಂತು. ವಯಸ್ಸಾದವರಿಗೆ ಬರುವಂಥದ್ದಲ್ಲ, ಮೈಯೊಳಗೆ ಇನ್ಸುಲಿನ್ನೇ ಹುಟ್ಟದಿರುವ ಬಗೆ. ಅದಕ್ಕೆ ಮಾತ್ರೆ ನಡೆಯುವುದಿಲ್ಲ, ಬದುಕಿರುವಷ್ಟು ದಿನವೂ ಸೂಜಿಯೇ. ಬೆಲ್ಲ ಬೇಯಿಸುವವರ ಮನೆಯಲ್ಲಿ ಇಂಥ ಮಗುವೇ ಎಂದು ನೆಂಟರು ಲೊಚಗುಟ್ಟಿ ಹೋದರು. ಅವ್ವ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದಾಗ ಆ ಮಗು ತಾನೇ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಳ್ಳುವುದನ್ನು ಕಲಿತಳು. ಬೆಳಿಗ್ಗೆ ಒಂದು, ಸಂಜೆ ಒಂದು. ಬೆರಳಿನ ರಕ್ತ ತೆಗೆದು ಮೀಟರಿನಲ್ಲಿ ನೋಡುವುದು ಮಾತ್ರ ನೆನಪಾದಾಗ. ನಮಗೆ ಗೊತ್ತಿದ್ದದ್ದು ಅಷ್ಟೇ.

ನಾನು ಹೇಳುತ್ತಿರುವ ವರ್ಷ ಅವಳು ಹತ್ತನೇ ತರಗತಿ. ಊರಿಗೆ ಜಮೀನು ಅಳೆಯಲು ಬಂದಿದ್ದ ಸರ್ವೆಯರ್ ಒಬ್ಬಳು ಹೆಣ್ಣುಮಗಳು. ಆಕೆ ಗಂಡಸರ ಜಗಳದ ನಡುವೆ ನಿಂತು ಬದು ಗುರುತಿಸಿ ಕಲ್ಲು ಹಾಕಿಸಿದ್ದನ್ನು ನೋಡಿದಾಗಿನಿಂದ ನಮ್ಮವಳಿಗೂ ಅದೇ ಹುಚ್ಚು. ಪರೀಕ್ಷೆ ಮುಗಿದ ಮೇಲೆ ಕೆ.ಆರ್. ಪೇಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಓದುತ್ತೇನೆ ಎಂದು ಅಪ್ಪನನ್ನು ಒಪ್ಪಿಸಿಯೂ ಆಗಿತ್ತು.

ಸಂಕ್ರಾಂತಿ ಬಂತು. ನಮ್ಮ ಮನೆಯ ಬೆಲ್ಲವನ್ನೇ ಊರಿನ ಅರ್ಧ ಮನೆಗಳು ಎಳ್ಳಿಗೆ ಬೆರೆಸುತ್ತವೆ. ಪವಿತ್ರ ಎರಡು ದಿನ ಕುಳಿತು ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿದಳು. ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ. ಹಬ್ಬದ ದಿನ ಹೊಸ ಲಂಗ ತೊಟ್ಟು ಮನೆಮನೆಗೆ ಎಳ್ಳು ಬೀರಿ ಬಂದಳು. ಮಾರನೆಯ ದಿನ ಮೈ ಬಿಸಿಯಾಯಿತು. ಹೊಸಹೊಳಲಿನಲ್ಲಿ ನಮ್ಮ ಸೋದರಮಾವನ ತಿಥಿಯಿತ್ತು. ನೆಗಡಿ ಜ್ವರ, ನಾನಿದ್ದೇನೆ ಎಂದು ಹೇಳಿ ಅಪ್ಪ ಅವ್ವ ಇಬ್ಬರನ್ನೂ ನಾನೇ ಬಸ್ಸು ಹತ್ತಿಸಿದೆ.

ಅವರು ಹೋದ ಮೇಲೆ ವಾಂತಿ ಶುರುವಾಯಿತು. ಗಂಜಿಯೂ ನಿಲ್ಲಲಿಲ್ಲ. ಸಂಜೆ ಸೂಜಿಯ ಹೊತ್ತಿಗೆ ಅವಳು ಇನ್ಸುಲಿನ್ ಡಬ್ಬಿ ಹಿಡಿದುಕೊಂಡು ಕೇಳಿದಳು, "ಅಣ್ಣ, ಆಕ್ಕಳ್ಳಾ ಬ್ಯಾಡ್ವಾ?"

"ಏನೂ ಉಂಡಿಲ್ಲ, ಯಾಕೆ ಆಕ್ಕಂಡೀಯ?"

"ಬುಡಬಾರ್ದು ಅಂತ ಡಾಕ್ಟ್ರು ಅಂದಿದ್ರು ಕಣಣ್ಣ."

"ಅದು ಉಂಡಿರೋರ್ಗೆ ಯೋಳಿರೋದು. ಕೊಪ್ಪರಿಗೇಲಿ ಹಾಲೇ ಇಲ್ದಿದ್ರೆ ಒಲೆ ಉರುಸ್ತಾರಾ ಯಾರಾದ್ರೂ? ತಳ ಸೀದೋಯ್ತದೆ. ಸುಮ್ಕೆ ಮನಿಕೊ."

ನನಗೊಂದು ಭಯವೂ ಇತ್ತು. ಹಿಂದಿನ ತಿಂಗಳು ಸೂಜಿ ಹಾಕಿಕೊಂಡು ಊಟ ತಡವಾಗಿ ಅವಳು ಕೊಟ್ಟಿಗೆಯಲ್ಲಿ ಬೆವತು ಬಿದ್ದಿದ್ದಳು. ಸಕ್ಕರೆ ನೀರು ಕುಡಿಸಿ ಎಬ್ಬಿಸಿದವನು ನಾನೇ. ಹಾಗಾಗಿ ಅವಳ ಕೈಯಿಂದ ಡಬ್ಬಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡು ಆಲೆಮನೆಗೆ ಹೋದೆ. ಮಾರನೆಯ ಬೆಳಿಗ್ಗೆಯ ಸೂಜಿಯೂ ತಪ್ಪಿತು. ಭಯದಿಂದ ಮಾಡಿದೆ ಎನ್ನುವುದು ನಿಜ. ಅವಳಿಗಿಂತ ನನಗೇ ಹೆಚ್ಚು ಗೊತ್ತು ಎಂದು ಮಾಡಿದೆ ಎನ್ನುವುದೂ ಅಷ್ಟೇ ನಿಜ.

ಆ ದಿನ ಹತ್ತು ಗಂಟೆಗೆ ಮನೆಗೆ ಬಂದಾಗ ಪವಿತ್ರ ಗೋಡೆಗೆ ಒರಗಿ ಕುಳಿತಿದ್ದಳು. ಒಂದು ಬಿಂದಿಗೆ ನೀರು ಖಾಲಿಯಾಗಿತ್ತು. ಬೆಟ್ಟ ಹತ್ತಿ ಬಂದವಳ ಹಾಗೆ ಉದ್ದುದ್ದ ಉಸಿರು ಎಳೆಯುತ್ತಿದ್ದಳು. ಹತ್ತಿರ ಹೋಗಿ ಬಗ್ಗಿದೆ. ಉಸಿರಿನಲ್ಲಿ ಹುಳಿತ ಕಬ್ಬಿನ ಹಾಲಿನ ವಾಸನೆ.

"ಹಾಲ್ ಕುಡ್ದಿದ್ದೀಯಲ್ಲೇ? ಡ್ರಮ್ಮಲ್ ಉಳ್ಕಂಡಿದ್ದ ಹಾಲ್ ಕದ್ದು ಕುಡ್ದಿದ್ದೀಯ. ಅದಕ್ಕೇ ವಾಂತಿ ನಿಂಗೆ."

ಅವಳು ತಲೆ ಅಲ್ಲಾಡಿಸಿದಳು. ಇಲ್ಲ ಎನ್ನಲೂ ಆಗದಷ್ಟು ಬಾಯಿ ಒಣಗಿಹೋಗಿತ್ತು. ನಾನು ಇನ್ನೂ ನಾಲ್ಕು ಮಾತು ಬೈದೆ. ಜನ್ಮಕ್ಕೆಲ್ಲ ತಪ್ಪದ ನನ್ನ ಮೂಗು ಅವತ್ತು ಹೇಳಿದ್ದನ್ನು ನಾನು ಹೇಗೆ ನಂಬದಿರಲಿ? ಆಮೇಲೆ ಅವಳು ಕಣ್ಣು ಮೇಲೆ ಮಾಡಿದಳು, ಕರೆದರೆ ಓಗೊಡಲಿಲ್ಲ. ಅಪ್ಪ ಅವ್ವ ಬಸ್ಸಿಳಿದು ಬರುವುದಕ್ಕೂ ನಾನು ಅವಳನ್ನು ಎತ್ತಿಕೊಂಡು ಹೊರಗೆ ಬರುವುದಕ್ಕೂ ಸರಿಹೋಯಿತು.

ಪಕ್ಕದ ಮನೆಯವರ ಕಾರಿನಲ್ಲಿ ಪಾಂಡವಪುರಕ್ಕೆ ಹೋದೆವು. ಅಲ್ಲಿಯ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, ಅದರ ಅಳತೆಯನ್ನೂ ಮೀರಿತ್ತು. ಡ್ರಿಪ್ ಹಾಕಿ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಲಾರಿಯೊಂದು ಅಡ್ಡ ನಿಂತಿತ್ತು. ಆ ಐದು ನಿಮಿಷ ಅವ್ವ ಕಾವೇರಿಗೆ ಕೈಮುಗಿದುಕೊಂಡೇ ಕುಳಿತಿದ್ದಳು. ನಾನು ನದಿಯ ಕಡೆ ನೋಡಲಿಲ್ಲ. ಜೇಬಿನಲ್ಲಿ ಆ ಡಬ್ಬಿ ಇನ್ನೂ ಇತ್ತು.

ಮೈಸೂರಿನಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಇನ್ಸುಲಿನ್ ಬಿಟ್ಟಿದ್ದಾಳಾ?" ಅಪ್ಪ ನನ್ನ ಮುಖ ನೋಡಿದ.

"ಕಬ್ಬಿನ್ ಹಾಲ್ ಕುಡುದ್ಬುಟ್ಟವ್ಳೆ ಮೇಡಂ," ಅಂದೆ. "ಸೂಜಿನೂ ಆಕ್ಕಂಡಿಲ್ಲ ಅನ್ಸುತ್ತೆ."

ಅನಿಸುತ್ತದೆ ಅಂದೆ.

ನಾಲ್ಕು ದಿನ ಐಸಿಯುನಲ್ಲಿದ್ದಳು. ಒಂದು ಕೈಗೆ ಸಲೈನು, ಇನ್ನೊಂದಕ್ಕೆ ಹನಿಹನಿಯಾಗಿ ಇನ್ಸುಲಿನ್. ಗಂಟೆಗೊಮ್ಮೆ ರಕ್ತ ನೋಡುತ್ತಿದ್ದರು. ಎರಡನೆಯ ದಿನ ಅಪ್ಪ ಔಷಧಿ ತರಲು ಹೋಗಿದ್ದಾಗ ಡಾಕ್ಟರಮ್ಮ ನನ್ನನ್ನು ಕರೆದು ನಿಧಾನವಾಗಿ ಹೇಳಿದರು.

"ನೋಡಪ್ಪ, ಊಟ ಮಾಡದಿದ್ರೂ ಮೈ ತನ್ನ ಪಾಡಿಗೆ ಸಕ್ಕರೆ ಮಾಡ್ತಾನೇ ಇರುತ್ತೆ. ಜ್ವರ ಬಂದ್ರೆ ಇನ್ನೂ ಜಾಸ್ತಿ. ಇನ್ಸುಲಿನ್ ಇಲ್ಲದಿದ್ರೆ ಆ ಸಕ್ಕರೆ ಮೈಗೆ ಹತ್ತಲ್ಲ. ಆಗ ಮೈ ಕೊಬ್ಬನ್ನ ಉರಿಸೋಕೆ ಶುರು ಮಾಡುತ್ತೆ, ರಕ್ತವೆಲ್ಲ ಹುಳಿಯಾಗುತ್ತೆ. ಬಾಯಲ್ಲಿ ಹಣ್ಣಿನ ಥರ ವಾಸನೆ ಬಂತಲ್ಲ, ಅದು ಇದೇ. ಏನೋ ಕುಡಿದದ್ದಲ್ಲ. ಇಂಥ ಮಕ್ಕಳು ಊಟ ಬಿಟ್ರೂ ಸೂಜಿ ಪೂರ್ತಿ ಬಿಡಬಾರದು."

ನಾನು ತಲೆಯಾಡಿಸಿದೆ. ಅಪ್ಪ ಬಂದ. ಸೂಜಿ ಬಿಡಬಾರದಂತೆ ಎಂದಷ್ಟೇ ಹೇಳಿದೆ. ವಾಸನೆಯ ವಿಷಯವನ್ನು ನುಂಗಿಕೊಂಡೆ. ಐದನೆಯ ದಿನ ವಾರ್ಡಿಗೆ ಬಂದ ಪವಿತ್ರ, "ನಾನ್ ಹಾಲ್ ಕುಡ್ದಿಲ್ಲ ಅಪ್ಪ" ಎಂದು ಸಣ್ಣ ದನಿಯಲ್ಲಿ ಹೇಳಿದಾಗ ಅಪ್ಪ ಅವಳ ತಲೆ ಸವರಿ, "ಆಯ್ತು ಬುಡು ಮಗಾ, ಆಸೆ ಯಾರಿಗಿರಕಿಲ್ಲ" ಅಂದ. ಅವಳು ನನ್ನ ಕಡೆ ತಿರುಗಿದಳು. ನಾನು ಡ್ರಿಪ್ಪಿನ ಬಾಟಲಿ ನೋಡುತ್ತ ನಿಂತೆ.

ಮನೆಗೆ ಬಂದ ಮೇಲೆ ಅಪ್ಪ ತೀರ್ಮಾನ ಹೇಳಿದ. ಹಾಸ್ಟೆಲ್ ಬೇಡ, ಡಿಪ್ಲೊಮಾ ಬೇಡ. ಕಣ್ಣ ಮುಂದಿದ್ದಾಗಲೇ ಕದ್ದು ಕುಡಿಯುವವಳನ್ನು ಕೆ.ಆರ್. ಪೇಟೆಯಲ್ಲಿ ಕಾಯುವವರು ಯಾರು? ಅವಳು ಅಳಲಿಲ್ಲ. ಏನು ಮಾಡಿದರೆ ಕಳಿಸುತ್ತೀಯ ಎಂದು ಕೇಳಿದಳು. ಮೂರು ತಿಂಗಳ ಶುಗರ್ ಎಷ್ಟಿದೆ ಎಂದು ಹೇಳುವ ಒಂದು ರಕ್ತದ ಪರೀಕ್ಷೆ ಇದೆ. ಆಸ್ಪತ್ರೆಯಲ್ಲಿ ಅವಳದು ಹನ್ನೆರಡು ಪಾಯಿಂಟ್ ಎಂಟು ಬಂದಿತ್ತು. ಏಳರ ಹತ್ತಿರ ಇರಬೇಕು ಎಂದಿದ್ದರು.

"ಅದು ಎಂಟರೊಳಗೆ ಬರ್ಲಿ, ಆಮೇಕೆ ನೋಡವ," ಅಂದ ಅಪ್ಪ. ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಅಲ್ಲಿಂದ ಶುರುವಾಯಿತು ಅವಳ ಕೆಲಸ. ಕೆಲಸ ಎಂದೇ ಹೇಳಬೇಕು. ಆಲೆಮನೆಯಲ್ಲಿ ನಾನು ಅಷ್ಟು ನಿಷ್ಠೆಯಿಂದ ದುಡಿದದ್ದು ನನಗೆ ನೆನಪಿಲ್ಲ. ಈಗ ದಿನಕ್ಕೆ ನಾಲ್ಕು ಸೂಜಿ, ಊಟಕ್ಕೊಂದರಂತೆ ಮೂರು, ಮಲಗುವಾಗ ಒಂದು. ಊಟಕ್ಕೆ ಮುಂಚೆ ಬೆರಳು ಚುಚ್ಚುವುದು, ಉಂಡ ಎರಡು ಗಂಟೆಗೆ ಮತ್ತೆ ಚುಚ್ಚುವುದು, ಅಂಕಿ ಬರೆಯುವುದು, ಪಕ್ಕದಲ್ಲಿ ಏನು ತಿಂದೆ, ಎಷ್ಟು ನಡೆದೆ ಎಂದು ಬರೆಯುವುದು. ಒಂದೇ ಊಟ ಉಂಡರೂ ಅಂಕಿ ಒಂದು ದಿನ ಇಷ್ಟು, ಒಂದು ದಿನ ಅಷ್ಟು ಬರುತ್ತಿತ್ತು. ಯಾಕೆ ಎಂದು ವಾರವೆಲ್ಲ ತಲೆಕೆಡಿಸಿಕೊಂಡು ಕೊನೆಗೆ ಕಳ್ಳನನ್ನು ಹಿಡಿದಳು. ಅವ್ವನ ಕೈಯ ರಾಗಿಮುದ್ದೆ. ಖುಷಿಯಿದ್ದ ದಿನ ಒಂದು ಗಾತ್ರ, ಸಿಟ್ಟಿದ್ದ ದಿನ ಒಂದು ಗಾತ್ರ. ಪವಿತ್ರ ಅಂಗಡಿಯಿಂದ ಚಿಕ್ಕ ತಕ್ಕಡಿಯೊಂದನ್ನು ತಂದು ಮುದ್ದೆಯನ್ನು ತೂಗಿದಳು.

"ಮುದ್ದೆ ತೂಗುಸ್ಕಂಡ್ ಉಣ್ಣೋರ್ನ ನಾನೆಲ್ಲೂ ಕಾಣೆ ಕಣೆ," ಅಂದಳು ಅವ್ವ. "ನಾನೇನ್ ರೇಷನ್ ಅಂಗ್ಡಿ ಮಡೀಕಂಡಿದ್ದೀನಾ?"

"ನೀನ್ ರೇಷನ್ ಅಂಗ್ಡಿ ಮಡೀಕಂಡಿದ್ರೆ ಅಳತೆಯಾದ್ರೂ ಸರಿ ಇರ್ತಿತ್ತು ಬುಡವ್ವ."

ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಒಂದು ಬಟ್ಟಲನ್ನು ಗೊತ್ತುಮಾಡಿಕೊಂಡು ಅದರಲ್ಲಿ ಒತ್ತಿ ಮುದ್ದೆ ಕಟ್ಟತೊಡಗಿದಳು. ಅಂಕಿ ಹತೋಟಿಗೆ ಬಂತು. ಸಂಜೆ ಉಂಡ ಮೇಲೆ ನಾಲೆಯ ಏರಿಯ ಮೇಲೆ ಅರ್ಧ ಗಂಟೆ ನಡೆದರೆ ಇನ್ನೂ ಇಳಿಯುತ್ತದೆ ಎಂದು ಕಂಡುಕೊಂಡಳು. ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ದಿನ ಕ್ಷಮಿಸು ಎಂದು ಹೇಳಲು ಬಾಯಿ ತೆರೆದೆ. ಅವಳೇ ಮೊದಲು ಹೇಳಿದಳು, "ನನ್ ಹತ್ರ ಯೋಳಿ ಏನಾಗ್ಬೇಕಣ್ಣ, ನಂಗ್ ಗೊತ್ತಲ್ಲ. ಅಪ್ಪನತ್ರ ಯೋಳು." ಅಷ್ಟು ಹೇಳಿ ಬೇಗಬೇಗ ನಡೆದುಬಿಟ್ಟಳು.

ನಾನು ಹೇಳಲಿಲ್ಲ. ಅಪ್ಪನ ಕಣ್ಣಿನಲ್ಲಿ ನನಗಿದ್ದದ್ದು ಓದಲ್ಲ, ಹಣವಲ್ಲ, ಆ ಮೂಗೊಂದೇ. ಅದನ್ನು ಕಳೆದುಕೊಳ್ಳುವುದು ನನಗೆ ಆಗಲಿಲ್ಲ.

ಪರೀಕ್ಷೆಯ ದಿನಗಳು ಬಂದವು. ಗಣಿತದ ದಿನ ಅರ್ಧ ಹೊತ್ತಿಗೆ ಅವಳಿಗೆ ಶುಗರ್ ಇಳಿದು ಅಕ್ಷರ ಅಲುಗತೊಡಗಿದವಂತೆ. ಮೇಷ್ಟ್ರಿಗೆ ಮೊದಲೇ ಹೇಳಿ ಜೇಬಿನಲ್ಲಿಟ್ಟುಕೊಂಡಿದ್ದ ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಂಡು, ಹದಿನೈದು ನಿಮಿಷ ಡೆಸ್ಕಿಗೆ ತಲೆಯಾನಿಸಿ ಕುಳಿತು, ಮತ್ತೆ ಪೆನ್ನು ಹಿಡಿದಳಂತೆ. ಮನೆಗೆ ಬಂದು, "ಹದಿನೈದ್ ನಿಮ್ಸದ ಮಾರ್ಕ್ಸ್ ಓಯ್ತು" ಎಂದಳೇ ಹೊರತು ಬೇರೇನೂ ಹೇಳಲಿಲ್ಲ. ಆದರೂ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

ಏಪ್ರಿಲಿನಲ್ಲಿ ಆ ರಕ್ತದ ಪರೀಕ್ಷೆ ಮಾಡಿಸಿದಾಗ ಒಂಬತ್ತು ಪಾಯಿಂಟ್ ಒಂದು ಬಂತು. ಡಾಕ್ಟರಮ್ಮ ಅವಳು ಅಂಕಿ ಬರೆದಿಟ್ಟಿದ್ದ ಪುಸ್ತಕದ ಹಾಳೆಗಳನ್ನು ತಿರುವಿ, ಮೂರು ತಿಂಗಳಲ್ಲಿ ಇಷ್ಟು ಇಳಿಸಿದ್ದು ದೊಡ್ಡ ಮಾತು ಎಂದರು. ಅಪ್ಪ ಹೊರಗೆ ಬಂದು, "ನಾನ್ ಅಂದಿದ್ದು ಎಂಟು" ಎಂದ. ವಾಪಸು ಬರುವಾಗ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಪಾಂಡವಪುರದ ಬಸ್ಸಿಗೆ ಕಾಯುತ್ತಿದ್ದೆವು. ಅಪ್ಪ ನಡುವೆ, ಆ ಕಡೆ ಅವಳು, ಈ ಕಡೆ ನಾನು. ಅವಳ ತುಟಿ ಬಿಗಿದುಕೊಂಡಿತ್ತು. ಈಗ ಹೇಳಿಬಿಡುತ್ತೇನೆ ಎಂದು ಎದ್ದು ನಿಂತೆ. "ಅಪ್ಪಾ" ಅಂದೆ. ಅಪ್ಪ ತಲೆಯೆತ್ತಿದ. "ಸೌತೆಕಾಯಿ ತರ್ಲಾ?" ಎಂದು ಕೇಳಿದೆ. ಉಪ್ಪು ಖಾರ ಹಚ್ಚಿದ ಸೌತೆಕಾಯಿಯನ್ನು ಮೂವರೂ ತಿಂದೆವು.

ಅವಳು ಬಿಡಲಿಲ್ಲ. ಬಿಸಿಲಿನಲ್ಲಿ ನಡೆದಳು, ಮಾವಿನ ಕಾಲದಲ್ಲಿ ಎರಡೇ ಹೋಳು ತಿಂದು ಕೈ ತೊಳೆದಳು, ಮದುವೆಮನೆಗಳಲ್ಲಿ ಎಲೆಯ ಮೇಲಿನ ಹೋಳಿಗೆಯನ್ನು ನನ್ನ ಎಲೆಗೆ ದಾಟಿಸಿದಳು. ಕಾಲೇಜಿನ ಅರ್ಜಿಯ ಕೊನೆಯ ವಾರ ಮತ್ತೆ ರಕ್ತ ಕೊಟ್ಟು ಬಂದೆವು. ಏಳು ಪಾಯಿಂಟ್ ಆರು. ಆ ಕಾಗದವನ್ನು ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದ. ಆಮೇಲೆ ಒಳಗೆ ಹೋಗಿ ಬಿಳಿ ಪಂಚೆ ಉಟ್ಟು ಬಂದು, "ನಡಿಯವ್ವ, ಕ್ಯಾರ್‌ಪೇಟೆ ಬಸ್ ಎಷ್ಟೊತ್ಗೆ?" ಎಂದ.

ಅವಳು ಗೆದ್ದಳು. ಅವಳ ಬೆನ್ನ ಹಿಂದೆ ಅಡಗಿ ನಾನೂ ಪಾರಾದೆ. ಇನ್ನು ಹೇಳಿ ಏನಾಗಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈಗ ಪವಿತ್ರ ನಾಗಮಂಗಲ ತಾಲ್ಲೂಕಿನಲ್ಲಿ ಸರ್ವೆಯರ್. ಹೋದ ವರ್ಷ ಹೊಣಕೆರೆ ಕಡೆ ಒಂದು ಕೆಲಸವಿದ್ದು ಹೋಗಿದ್ದಾಗ ಅವಳನ್ನು ಗದ್ದೆಯ ನಡುವೆ ನೋಡಿದೆ. ತಲೆಗೆ ಟೋಪಿ, ಹೆಗಲಿಗೆ ಚೀಲ, ಅದರಲ್ಲಿ ಅಳತೆಯ ನಕ್ಷೆಯ ಜೊತೆಗೆ ಇನ್ಸುಲಿನ್ ಪೆನ್ನು. ಬದುವಿಗಾಗಿ ಕಿತ್ತಾಡುತ್ತಿದ್ದ ಅಣ್ಣತಮ್ಮಂದಿರಿಗೆ, "ನನ್ ಊಟದೊತ್ತು, ಹತ್ ನಿಮ್ಸ ಜಗಳ ನಿಲ್ಸಿ, ಆಮೇಲ್ ಮುಂದುವರಿಸಿ" ಎಂದು ಹೇಳಿ, ಮರದ ಕೆಳಗೆ ಕುಳಿತು, ಬೆರಳು ಚುಚ್ಚಿ ನೋಡಿ, ಸೂಜಿ ಹಾಕಿಕೊಂಡು, ಬುತ್ತಿ ಬಿಚ್ಚಿದಳು. ಅಣ್ಣತಮ್ಮಂದಿರು ಬಾಯಿಮುಚ್ಚಿ ಬದುವಿನ ಮೇಲೆ ಕಾದು ಕುಳಿತರು. ಹನ್ನೊಂದು ವರ್ಷದಲ್ಲಿ ಮತ್ತೊಮ್ಮೆಯೂ ಅವಳು ಆ ಕಾರಣಕ್ಕೆ ಆಸ್ಪತ್ರೆ ಸೇರಿಲ್ಲ. ಎರಡು ಸಲ ಕಡು ಜ್ವರ ಬಂದಾಗಲೂ ಸೂಜಿ ಬಿಡದೆ, ನೀರು ಕುಡಿದು, ಡಾಕ್ಟರಿಗೆ ಫೋನು ಮಾಡಿ ತಾನೇ ದಾಟಿಕೊಂಡಳು. ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ ತೋರಿಸುತ್ತಾಳೆ. ಎರಡೂ ಸರಿಯಾಗಿವೆ.

ಆದರೆ ಮನೆಯಲ್ಲಿ ಅವಳಿಗೊಂದು ಹೆಸರು ಉಳಿದುಬಿಟ್ಟಿತ್ತು. ಕಬ್ಬಿನಾಲ್ ಕಳ್ಳಿ. ಅಪ್ಪ ಪ್ರೀತಿಯಿಂದಲೇ ಕರೆಯುತ್ತಿದ್ದ. ನೆಂಟರೂ ನಗುತ್ತಿದ್ದರು. ಪ್ರತಿ ಸಲವೂ ಆ ನಗುವಿನಲ್ಲಿ ನನ್ನದೂ ಸೇರಿರುತ್ತಿತ್ತು.

ಡ್ರಮ್ಮು ಚೆಲ್ಲಿದ ವಾರದ ಭಾನುವಾರ ಅವಳು ಊರಿಗೆ ಬಂದಳು. ಅಪ್ಪನ ಕಾಲಿನ ಗಾಯ ತಿಂಗಳಾದರೂ ಒಣಗಿರಲಿಲ್ಲ, ಮೈ ಇಳಿದಿತ್ತು, ಪದೇ ಪದೇ ನೀರು ಕೇಳುತ್ತಿದ್ದ. ಊಟಕ್ಕೆ ಕುಳಿತಾಗ ಪವಿತ್ರ ಮೀಟರು ತೆಗೆದು, "ಅಪ್ಪ, ಬೆರಳ್ ಕೊಡು ಇಲ್ಲಿ" ಎಂದಳು.

ಅಪ್ಪ ಕೈ ಹಿಂದಕ್ಕೆಳೆದುಕೊಂಡ. "ಓಗ್ಲೇ, ನಂಗ್ಯಾವ್ ಶುಗರ್ರು. ಕಬ್ಬಿನಾಲ್ ಕದ್ ಕುಡ್ದೋಳು ನಂಗ್ ಬುದ್ಧಿ ಯೋಳಕ್ ಬತ್ತಾವ್ಳೆ."

ಅವ್ವ ನಕ್ಕಳು. ಪವಿತ್ರಳೂ ಯಾವಾಗಿನಂತೆ ತುಟಿಯಲ್ಲಿ ನಕ್ಕಳು. ನನಗೆ ಆಗಲಿಲ್ಲ.

"ಅವ್ಳು ಕುಡ್ದಿರ್ನಿಲ್ಲ ಅಪ್ಪ," ಅಂದೆ. "ಕಾಯಿಲೆ ವಾಸ್ನೆ ಅದು. ಡಾಕ್ಟ್ರಮ್ಮ ಎರಡ್ನೇ ದಿನಾನೇ ನಂಗ್ ಯೋಳಿದ್ರು. ಸೂಜಿ ಡಬ್ಬಿ ಕಿತ್ಕಂಡು ಜೇಬಲ್ಲಿ ಮಡೀಕಂಡಿದ್ದೋನೂ ನಾನೇಯ."

ಅಪ್ಪ ಬಾಯಿಗಿಡಬೇಕಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಇಳಿಸಿದ.

"ನಾನ್ ಹಾಸ್ಟೆಲ್ಗೆ ಕಳಿಸಕಿಲ್ಲ ಅಂತ ಕುಂತಿದ್ನಲ್ಲ," ಅಂದ ಅಪ್ಪ. "ಆಗ್ಲೂ ಬಾಯ್ ಬುಡ್ನಿಲ್ವಲ್ಲಲಾ ನೀನು."

"ಬುಡ್ನಿಲ್ಲ."

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೊಡೆದಿದ್ದರೆ ಚೆನ್ನಾಗಿತ್ತು. ಆಮೇಲೆ ಮಗಳ ಕಡೆ ತಿರುಗಿದ. "ನೀನಾರಾ ಯೋಳ್ಬಾರ್ದಾಗಿತ್ತಾ ಮಗಾ?"

"ಕುಡ್ದಿಲ್ಲ ಅಂತ ಆಸ್ಪತ್ರೇಲೇ ಯೋಳಿದ್ನಲ್ಲಪ್ಪ. ನೀನು ಅಣ್ಣನ್ ಮೂಗ್ನ ನಂಬ್ದೆ. ಅದಕ್ಕೇ ಬಾಯಲ್ ಯೋಳೋದ್ ಬುಟ್ಟು ಕಾಗ್ದ ತಂದ್ ತೋರ್ಸ್ದೆ." ಅವಳು ರಕ್ತ ನೋಡುವ ಪಟ್ಟಿಗಳ ಡಬ್ಬಿ ತೆರೆದು ಒಂದನ್ನು ಮೀಟರಿಗೆ ಸಿಕ್ಕಿಸಿದಳು. "ಡಬ್ಬಿ ವಿಷ್ಯ ಯೋಳ್ನಿಲ್ಲ, ಅದು ಅಣ್ಣ ಯೋಳ್ಬೇಕಾದ್ದು. ವಸಿ ತಡ ಮಾಡ್ದ."

ಅಪ್ಪ ಕೈ ತೊಳೆದುಕೊಂಡು, ಪಂಚೆಯ ಅಂಚಿನಲ್ಲಿ ಒರೆಸಿ, ಬೆರಳು ಚಾಚಿದ. ಅವಳು ಬೆರಳು ಚುಚ್ಚುವ ಸೂಜಿಯನ್ನು ನನ್ನ ಕೈಗೆ ಕೊಟ್ಟಳು. "ನಡೂಕ್ ಚುಚ್ಬೇಡ, ನೋಯ್ತದೆ. ಪಕ್ಕಕ್ಕೆ ಚುಚ್ಚು." ನಾನು ಚುಚ್ಚಿದೆ. ಒಂದು ಹನಿ ರಕ್ತ ಬಂತು. ಮೀಟರು ಕಿಂಯ್ ಎಂದಿತು. ಇನ್ನೂರ ಎಂಬತ್ತಾರು.

ಅಂಕಿ ನೋಡಿ ಅಪ್ಪನ ಮುಖ ಸಣ್ಣದಾಯಿತು. ಎಷ್ಟೋ ವರ್ಷದ ಅಭ್ಯಾಸ, ನನ್ನ ಕಡೆಗೇ ತಿರುಗಿ ಕೇಳಿದ, "ಏನ್ಲಾ ಮಾಡದು ಈಗ?"

"ನನ್ನ ಕೇಳ್ಬ್ಯಾಡ," ಅಂದೆ. "ಅವ್ಳ್ನ ಕೇಳು."